ಅಜ್ಜನ ಮ್ಯಾಸಿ ನಿಂತು ಹದಿನಾಲ್ಕು ವರ್ಷ: ಓಡದ ಟ್ರ್ಯಾಕ್ಟರಿಗೆ ಬೆಲೆ ಕಟ್ಟುವುದು ಹೇಗೆ? (ಆನ್‌ಲೈನ್ ಚರ್ಚೆ; ಪ್ರತಿ ಬರಹದ ಮೇಲೆ ಬರೆದವರ ಅಡ್ಡಹೆಸರು)

ಕಣದಮನೆ, ರಾಣೆಬೆನ್ನೂರು ತಾಲ್ಲೂಕು

ಮನೆಯಲ್ಲಿ ಪಾಲಿನ ಮಾತು ನಡೆದಿದೆ. ಹೊಲ, ಮನೆ, ಬಾವಿ ಎಲ್ಲವೂ ಜಗಳವಿಲ್ಲದೆ ಮುಗಿದವು. ಗಂಟಲಲ್ಲಿ ಸಿಕ್ಕಿಕೊಂಡಿರುವುದು ಒಂದೇ: ಕಣದ ಮೂಲೆಯಲ್ಲಿ ಹುಣಸೆಮರದ ಕೆಳಗೆ 2011ರಿಂದ ನಿಂತಿರುವ ಮ್ಯಾಸಿ ಫರ್ಗುಸನ್. ಅಜ್ಜ ಅದನ್ನು ಹೊಸದಾಗಿಯೇ ಕೊಂಡದ್ದು, 1968ರ ಆಸುಪಾಸಿನಲ್ಲಿ. ಕಡೆಗೆ ಅಪ್ಪ ಓಡಿಸುತ್ತಿದ್ದರು. ಒಂದು ಮುಂಗಾರಿನಲ್ಲಿ ರೆಂಟೆ ಹೊಡೆಯುವಾಗ ಹೊಗೆ ಹೆಚ್ಚಾಯಿತೆಂದು ತಂದು ನಿಲ್ಲಿಸಿದರು. ಮರುವರ್ಷ ಅಪ್ಪನೇ ಹೋದರು. ಆಮೇಲೆ ಯಾರೂ ಮುಟ್ಟಲಿಲ್ಲ.

ಗುಜರಿಯವನು ಬಂದು ಸುತ್ತ ಒಂದು ಸುತ್ತು ಹಾಕಿ 38,000 ಎಂದ. ಅಣ್ಣ ‘ಕೊಟ್ಟುಬಿಡೋಣ’ ಎಂದ. ನಾನು ‘ಬೇಡ, ನಾನೇ ಇಟ್ಟುಕೊಳ್ಳುತ್ತೇನೆ, ನಿನ್ನ ಅರ್ಧ ಕೊಡುತ್ತೇನೆ’ ಎಂದೆ. ಅಂದಿನಿಂದ ಅದೇ ಟ್ರ್ಯಾಕ್ಟರು ಅಣ್ಣನ ಕಣ್ಣಿಗೆ ಬೇರೆಯೇ ಆಗಿಬಿಟ್ಟಿದೆ. ಮೊಬೈಲಿನಲ್ಲಿ ಯಾವುದೋ ವಿಡಿಯೊ ನೋಡಿದನಂತೆ. ‘ಹಳೆಯ ಕಾಲದ ಗಾಡಿ, ಮೂರು ಲಕ್ಷಕ್ಕೆ ಕಡಿಮೆ ಇಲ್ಲ, ನನಗೆ ಒಂದೂವರೆ ಕೊಡು’ ಎನ್ನುತ್ತಾನೆ. ಹತ್ತೊಂಬತ್ತು ಸಾವಿರವೆಲ್ಲಿ, ಒಂದೂವರೆ ಲಕ್ಷವೆಲ್ಲಿ!

ಅಣ್ಣನಿಗೆ ಮೋಸ ಮಾಡುವ ಮನಸ್ಸು ನನಗಿಲ್ಲ. ಮೋಸ ಹೋಗುವ ಮನಸ್ಸೂ ಇಲ್ಲ. ಬಣ್ಣ ಹೋಗಿದೆ, ಬಾನೆಟ್ಟಿನ ಮೇಲೆ 35 ಎಂಬ ಅಂಕಿ ಮಸುಕಾಗಿ ಕಾಣುತ್ತದೆ. ಹಿಂದಿನ ಎರಡು ಟೈರು ನೆಲಕ್ಕೆ ಅಂಟಿವೆ. ಸ್ಟಿಯರಿಂಗ್ ತಿರುಗುತ್ತದೆ. ಇದಕ್ಕೆ ನ್ಯಾಯವಾದ ಬೆಲೆ ಯಾವುದು?

ಹಳೆಸ್ಪ್ಯಾನರ್, ದಾವಣಗೆರೆ

ತಮ್ಮ, ಬೆಲೆಯ ಮಾತು ಆಮೇಲೆ. ಮೊದಲು ಒಂದು ಎಚ್ಚರಿಕೆ. ಪಕ್ಕದ ಹೊಲದವರು ಬಂದು ‘ನಮ್ಮ ಗಾಡಿಗೆ ಹಗ್ಗ ಕಟ್ಟಿ ಎಳೆಯೋಣ, ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಶುರುವಾಗುತ್ತದೆ’ ಎನ್ನುತ್ತಾರೆ. ಪ್ರತಿ ಊರಿನಲ್ಲೂ ಇಂಥ ಒಬ್ಬರು ಇದ್ದೇ ಇರುತ್ತಾರೆ. ಕೇಳಬೇಡ. ಸಿಲಿಂಡರಿನೊಳಗೆ ನೀರು ನಿಂತಿದ್ದರೆ ಪಿಸ್ಟನ್ ಮೇಲೆ ಬರುವಾಗ ನೀರು ಒತ್ತಿಕೊಳ್ಳುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇಪ್ಪತ್ತು ಹೆಜ್ಜೆ ಎಳೆದ ತಪ್ಪಿಗೆ ಇಪ್ಪತ್ತು ಸಾವಿರ ಹೋದದ್ದನ್ನು ನನ್ನ ಶೆಡ್ಡಿನಲ್ಲೇ ಕಂಡಿದ್ದೇನೆ.

ಈಗ ಪ್ರಶ್ನೆಗಳು. ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಜಲ್ ಎಷ್ಟಿವೆ, ಮೂರೋ ನಾಲ್ಕೋ? ಡ್ಯಾಶ್‌ಬೋರ್ಡಿನ ಹತ್ತಿರ ತಗಡಿನ ಪಟ್ಟಿ ಇದೆಯೇ, ಅದರ ಮೇಲೆ ಯಾವ ಊರಿನ ಹೆಸರಿದೆ? ಸೈಲೆನ್ಸರ್ ಮೇಲ್ಮುಖವಾಗಿದೆಯೇ, ಅದರ ಬಾಯಿ ಮುಚ್ಚಿತ್ತೇ? ಆಯಿಲ್ ಕಡ್ಡಿ ಎಳೆದು ನೋಡಿದೆಯಾ? ಡೀಸೆಲ್ ಪಂಪು ಜಾಗದಲ್ಲಿದೆಯೇ? ಇವಕ್ಕೆ ಉತ್ತರ ಬರುವವರೆಗೆ ಯಾರು ಬೆಲೆ ಹೇಳಿದರೂ ಅದು ಗಾಳಿಯ ಮಾತು, ನಾನು ಹೇಳಿದರೂ ಅಷ್ಟೇ.

ಏಳುಸುತ್ತು

ಐದು ಲಕ್ಷಕ್ಕೆ ಒಂದು ರೂಪಾಯಿ ಕಡಿಮೆ ಮಾಡಬೇಡಿ. ಹಳೆಯ ಮ್ಯಾಸಿಗೆ ಜಾಹೀರಾತಿನಲ್ಲಿ ಅಷ್ಟು ಹಾಕಿದ್ದಾರೆ, ನಾನೇ ನೋಡಿದ್ದೇನೆ.

ತೂಕದಕಲ್ಲು, ಹುಬ್ಬಳ್ಳಿ

ಜಾಹೀರಾತಿನಲ್ಲಿ ಹಾಕಿದ್ದು ಕೇಳುವ ಬೆಲೆ. ಆ ಜಾಹೀರಾತು ಎಷ್ಟು ತಿಂಗಳಿಂದ ಹಾಗೆಯೇ ಇದೆ ಎಂಬುದನ್ನೂ ನೋಡಿ ಸ್ವಾಮಿ.

ಕಣದಮನೆಯ ಯಜಮಾನರೇ, ನಾನು ಗುಜರಿ ವ್ಯಾಪಾರದವನು. ನಮ್ಮವನು ನಿಮಗೆ 38,000 ಹೇಗೆ ಹೇಳಿದ ಎಂಬುದನ್ನು ಬಿಡಿಸಿ ಹೇಳುತ್ತೇನೆ, ನನ್ನ ಕಸುಬಿನವರು ಬೈಯಲಿ. ಈ ಟ್ರ್ಯಾಕ್ಟರಿಗೆ ಲಾರಿಗಿರುವಂಥ ಚಾಸಿ ಇಲ್ಲ. ಎಂಜಿನ್, ಗೇರ್ ಬಾಕ್ಸ್, ಹಿಂದಿನ ಆಕ್ಸಲ್ ಇವುಗಳನ್ನೇ ಒಂದಕ್ಕೊಂದು ಬೋಲ್ಟ್ ಹಾಕಿ ಬೆನ್ನೆಲುಬು ಮಾಡಿದ್ದಾರೆ. ಹಾಗಾಗಿ ಹೆಚ್ಚಿನ ತೂಕ ಬೀಡುಕಬ್ಬಿಣದ್ದು. ಸುಮಾರು 1,400 ಕಿಲೊ ಎಂದಿಟ್ಟುಕೊಳ್ಳಿ. ಕಿಲೊಗೆ 28ರಿಂದ 32 ರೂಪಾಯಿ ಹಿಡಿದರೆ 40,000ದ ಆಚೀಚೆ ಬರುತ್ತದೆ. ಅದರಲ್ಲಿ ಕ್ರೇನು, ಲಾರಿ, ಗ್ಯಾಸ್ ಕಟಿಂಗ್, ಹಮಾಲಿ ಎಲ್ಲ ಕಳೆಯಬೇಕು. ಹಾಗೆ ಕಳೆದರೆ ನಿಮಗೆ 30,000 ಮಾತ್ರ ಹೇಳಬೇಕಿತ್ತು. ಆದರೂ 38,000 ಎಂದಿದ್ದಾನೆ. ಏಕೆಂದರೆ ನಾವು ತೂಕಕ್ಕೆ ಕೊಳ್ಳುತ್ತೇವೆ, ಎಲ್ಲವನ್ನೂ ತೂಕಕ್ಕೆ ಮಾರುವುದಿಲ್ಲ. ರೇಡಿಯೇಟರಿನಲ್ಲಿ ಹಿತ್ತಾಳೆ, ಡೈನಮೊ ಮತ್ತು ಸೆಲ್ಫಿನಲ್ಲಿ ತಾಮ್ರ. ಮುಂದಿನ ಆಕ್ಸಲ್, ಸ್ಟಿಯರಿಂಗ್ ಬಾಕ್ಸ್, ಹೈಡ್ರಾಲಿಕ್ ಲಿಫ್ಟು, ಗೇರುಗಳು ಇವೆಲ್ಲ ಯಾವುದಾದರೂ ಶೆಡ್ಡಿಗೆ ಬಿಡಿಬಿಡಿಯಾಗಿ ಹೋಗುತ್ತವೆ. ಕ್ರ್ಯಾಂಕ್ ಚೆನ್ನಾಗಿದ್ದರೆ ಅದೊಂದೇ ಹಬ್ಬ.

ಆದ್ದರಿಂದ ನಿಮ್ಮ ಕನಿಷ್ಠ ಬೆಲೆ 38,000 ಅಲ್ಲ. ಮೂರು ಜನ ಗುಜರಿಯವರನ್ನು ಬೇರೆ ಬೇರೆ ದಿನ ಕರೆಸಿ. ಒಟ್ಟಿಗೆ ಕರೆಸಬೇಡಿ, ನಾವು ಕಣ್ಣಲ್ಲೇ ಮಾತಾಡಿಕೊಳ್ಳುತ್ತೇವೆ.

ಕಾಫಿಗಿಡ, ಚಿಕ್ಕಮಗಳೂರು

ತೋಟದಲ್ಲಿ ಹಳೆಯ ಟ್ರ್ಯಾಕ್ಟರುಗಳನ್ನು ಸೇರಿಸಿಟ್ಟುಕೊಂಡಿರುವ ಹುಚ್ಚರಲ್ಲಿ ನಾನೂ ಒಬ್ಬ. ನನ್ನಲ್ಲಿ ನಾಲ್ಕಿವೆ, ಓಡುವುದು ಎರಡು. ಇಂಥ ಸಂದರ್ಭದಲ್ಲಿ ನಾನು ಕೊಳ್ಳುವ ಕಡೆಯವನು, ಆದ್ದರಿಂದ ನನ್ನ ಮಾತನ್ನು ಸ್ವಲ್ಪ ಜರಡಿ ಹಿಡಿದು ಕೇಳಿ.

‘ಹಳೆಯದು’ ಮತ್ತು ‘ಅಪರೂಪದ್ದು’ ಒಂದೇ ಅಲ್ಲ. ನಮ್ಮಂಥವರು ಮೊದಲು ಕೇಳುವುದು ಯಾವ ಕಾರ್ಖಾನೆಯದು ಎಂದು. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ 1946ರಿಂದ 1956ರವರೆಗೆ ತಯಾರಾದ ಟಿಇ 20 ಎಂಬ ಬೂದುಬಣ್ಣದ ಪುಟ್ಟ ಫರ್ಗುಸನ್ ಇದೆ, ಕೆಲವು ಹಳೆಯ ತೋಟಗಳಲ್ಲಿ ಇನ್ನೂ ಸಿಗುತ್ತದೆ. ಅದರ ನಂತರ 1956ರಲ್ಲಿ ಬಂದದ್ದು ಎಫ್‌ಇ 35. ತಗಡೆಲ್ಲ ಬೂದು, ಎಂಜಿನ್ ಮತ್ತು ಹೊಟ್ಟೆಭಾಗ ಹೊನ್ನಿನ ಬಣ್ಣ. ಅದನ್ನೇ ಸ್ವಲ್ಪ ಕಾಲದ ನಂತರ ಕೆಂಪು ಬಣ್ಣ ಬಳಿದು ಮ್ಯಾಸಿ ಫರ್ಗುಸನ್ 35 ಎಂದು ಮಾರಿದರು. ನಿಮ್ಮದರ ಎಂಜಿನ್ನಿನ ಮೇಲೆ ಎಲ್ಲಾದರೂ ಮೂಲೆಯಲ್ಲಿ ಹೊನ್ನಿನ ಬಣ್ಣದ ಚೂರು ಕಂಡರೆ ನನಗೆ ಮೊದಲು ಫೋಟೊ ಹಾಕಿ, ಅಣ್ಣನಿಗೆ ಆಮೇಲೆ ತೋರಿಸಿ! ತಮಾಷೆಗೆ ಹೇಳಿದೆ. 1968ರಲ್ಲಿ ಇಲ್ಲಿ ಹೊಸದಾಗಿ ಕೊಂಡದ್ದೆಂದರೆ ಮದ್ರಾಸಿನದೇ ಇರಬೇಕು. ಟಾಫೆ ಕಂಪನಿ 1960ರಲ್ಲಿ ಅಲ್ಲಿ ಶುರುವಾಯಿತು, ಮ್ಯಾಸಿಯೊಂದಿಗೆ ಒಪ್ಪಂದ ಮಾಡಿಕೊಂಡು. ಇಂದಿಗೂ ಓಡಾಡುವ ಮ್ಯಾಸಿ 1035ರ ಮೂಲಪುರುಷನೇ ಈ 35.

ಮದ್ರಾಸಿನದಾದರೆ ನಿಮಗೆ ಲಾಭವೂ ಇದೆ, ನಷ್ಟವೂ ಇದೆ. ಬಿಡಿಭಾಗ ಸುಲಭವಾಗಿ ಸಿಗುತ್ತದೆ, ಊರಿನ ಮಿಸ್ತ್ರಿಗೂ ಕೈ ಪಳಗಿರುತ್ತದೆ. ಆದರೆ ಸುಲಭವಾಗಿ ಸಿಗುವುದಕ್ಕೆ ಯಾರೂ ಹುಚ್ಚು ಹಣ ಕೊಡುವುದಿಲ್ಲ.

ಯಾರ್ಕ್‌ಶೈರಿನ ಶಿರಸಿಗ

ಇಲ್ಲಿ ಯಾರ್ಕ್‌ಶೈರಿನ ಹಳ್ಳಿಯ ಹರಾಜುಗಳಿಗೆ ಹೋಗುವುದು ನನ್ನ ಭಾನುವಾರದ ಚಟ. ಓಡದ ಮ್ಯಾಸಿ 35 ಗಾಡಿ ಒಂದರಿಂದ ಎರಡು ಸಾವಿರ ಪೌಂಡಿಗೆ ಹೋದದ್ದನ್ನು ನೋಡಿದ್ದೇನೆ. ಟಿಇ 20 ಐದು ಲಕ್ಷಕ್ಕೂ ಹೆಚ್ಚು ತಯಾರಾದ ಗಾಡಿ, ಆದ್ದರಿಂದ ಇಲ್ಲಿಯೂ ಅದು ಚಿನ್ನವಲ್ಲ. ಒಂದು ಮಾತು: ಬ್ಲಾಕ್ ಬಿರುಕು ಬಿಟ್ಟಿದೆಯೇ ಎಂದು ಖಂಡಿತ ನೋಡಿಸಿ. ಚಳಿಗಾಲದಲ್ಲಿ ಒಳಗಿನ ನೀರು ಹೆಪ್ಪುಗಟ್ಟಿ ಬೀಡು ಸೀಳುವುದು ಇಲ್ಲಿ ಸಾಮಾನ್ಯ.

ಏಳುಸುತ್ತು

ಎರಡು ಸಾವಿರ ಪೌಂಡು ಎಂದರೆ ಎರಡು ಲಕ್ಷಕ್ಕೂ ಮೇಲಾಯಿತು. ನಾನು ಹೇಳಿದ್ದು ಸುಳ್ಳೇ?

ಹಳೆಸ್ಪ್ಯಾನರ್

ಹಾಗಾದರೆ ಹೊತ್ತುಕೊಂಡು ಹೋಗಿ ಯಾರ್ಕ್‌ಶೈರಿನಲ್ಲಿ ಮಾರಿ ಬನ್ನಿ. ಅಲ್ಲಿನ ಬೆಲೆ ಅಲ್ಲಿ ಕೊಳ್ಳುವವರಿದ್ದಾರೆಂದು ಹುಟ್ಟಿದ್ದು. ರಾಣೆಬೆನ್ನೂರಿನ ಹುಣಸೆಮರದ ಕೆಳಗೆ ಬಂದು ಕೊಳ್ಳುವವರು ಎಷ್ಟು ಜನ ಎಂಬುದರ ಮೇಲೆ ಇಲ್ಲಿನ ಬೆಲೆ.

ಶಿರಸಿಯವರೇ, ಹೆಪ್ಪುಗಟ್ಟುವ ನೀರಿನ ಕಾಟ ನಮಗಿಲ್ಲ. ನಮ್ಮ ಶತ್ರು ಬೋರ್‌ವೆಲ್ಲಿನ ಗಡಸು ನೀರು. ರೇಡಿಯೇಟರಿಗೆ ವರ್ಷಗಟ್ಟಲೆ ಅದನ್ನೇ ಸುರಿದು, ಸಿಲಿಂಡರುಗಳ ಸುತ್ತ ಸುಣ್ಣದ ಪದರ ಕಟ್ಟಿ, ತುಕ್ಕು ತಿಂದು, ಹೆಡ್ ಗ್ಯಾಸ್ಕೆಟ್ ದಾಟಿ ನೀರು ಒಳಗೆ ಜಿನುಗುತ್ತದೆ. ತಮ್ಮ, ಆಯಿಲ್ ಚೇಂಬರಿನ ಕೆಳಗಿನ ಬೋಲ್ಟನ್ನು ನಿಧಾನವಾಗಿ ಸಡಿಲಿಸು, ಪೂರ್ತಿ ತೆಗೆಯಬೇಡ. ನೀರು ಎಣ್ಣೆಗಿಂತ ಭಾರ, ಇದ್ದರೆ ಅದೇ ಮೊದಲು ತೊಟ್ಟಿಕ್ಕುತ್ತದೆ. ಮೊದಲ ತೊಟ್ಟೇ ಕರಿ ಎಣ್ಣೆಯಾದರೆ ಒಂದು ತೆಂಗಿನಕಾಯಿ ಒಡೆ.

ಕಾಗದಪತ್ರ, ಬೆಳಗಾವಿ

ಎಲ್ಲರೂ ಕಬ್ಬಿಣದ ಮಾತಾಡುತ್ತಿದ್ದೀರಿ. ಆರ್‌ಸಿ ಪುಸ್ತಕ ಎಲ್ಲಿದೆ? ಯಾರ ಹೆಸರಿನಲ್ಲಿದೆ?

ಕಣದಮನೆ

ಆರ್‌ಸಿ ಸಿಕ್ಕಿತು, ಅಜ್ಜನ ಟ್ರಂಕಿನಲ್ಲಿ, ಪಹಣಿಗಳ ನಡುವೆ. ಅಜ್ಜನ ಹೆಸರಿನಲ್ಲೇ ಇದೆ. ನಂಬರು ‘ಎಂವೈ’ ಎಂದು ಶುರುವಾಗುತ್ತದೆ. ಅಂಚು ಗೆದ್ದಲು ತಿಂದಿದೆ, ಅಕ್ಷರ ಓದಬಹುದು. ಯಾರೋ ‘ವಿಂಟೇಜ್ ಎಂದು ನೋಂದಣಿ ಮಾಡಿಸು, ಬೆಲೆ ಮೂರು ಪಟ್ಟಾಗುತ್ತದೆ’ ಎಂದರು. ಹೌದೇ?

ಕಾಗದಪತ್ರ

ಎಂವೈ ಎಂದರೆ ಮೈಸೂರು ರಾಜ್ಯದ ಕಾಲದ ನಂಬರು. ಆ ತಗಡನ್ನು ಎಲ್ಲೂ ಎಸೆಯಬೇಡಿ.

ವಿಂಟೇಜ್ ನೋಂದಣಿಯ ಆಸೆ ಬಿಡಿ. 2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ತಂದ ನಿಯಮ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನಗಳಿಗೆ. ಹೊಸದಾಗಿ ನೋಂದಣಿಗೆ 20,000 ರೂಪಾಯಿ ಶುಲ್ಕ, ‘ವಿಎ’ ಅಕ್ಷರದ ಬೇರೆ ನಂಬರು, ಹತ್ತು ವರ್ಷದ ಅವಧಿ. ಇದೆಲ್ಲ ನಿಜ. ಆದರೆ ಅದು ದ್ವಿಚಕ್ರ ವಾಹನ ಮತ್ತು ಕಾರುಗಳ ವರ್ಗಕ್ಕೆ ಮಾತ್ರ. ಟ್ರ್ಯಾಕ್ಟರು ಆ ಪಟ್ಟಿಯಲ್ಲಿ ಇಲ್ಲ. ಇದನ್ನು ಹೇಳಿ ದುಡ್ಡು ಕೀಳುವ ಮಧ್ಯವರ್ತಿಗಳಿದ್ದಾರೆ, ಹುಷಾರು.

ನೀವು ಮಾಡಬೇಕಾದದ್ದು ಬೇರೆ. ಮಾಲೀಕ ತೀರಿಕೊಂಡಾಗ ವಾರಸುದಾರರು 30 ದಿನದೊಳಗೆ ಆರ್‌ಟಿಒ ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು. ನಿಮ್ಮಲ್ಲಿ ಎರಡು ತಲೆಮಾರು ದಾಟಿದೆ. ಮರಣ ಪ್ರಮಾಣಪತ್ರಗಳು, ವಂಶವೃಕ್ಷ, ಅಣ್ಣನ ಒಪ್ಪಿಗೆ ಪತ್ರ ಎಲ್ಲ ಬೇಕಾಗುತ್ತದೆ. ಅಷ್ಟು ಹಳೆಯ ನಂಬರು ಕಂಪ್ಯೂಟರಿನಲ್ಲಿ ಇರುವುದಿಲ್ಲ, ಹಳೆಯ ಲೆಡ್ಜರಿನಿಂದ ಹುಡುಕಿ ತೆಗೆಸಿ ಸೇರಿಸಬೇಕು. ಓಡಾಟ ಇದೆ. ತಡಕ್ಕೆ ದಂಡವೂ ಬೀಳಬಹುದು. ಪಾಲುಪಟ್ಟಿಯಲ್ಲಿ ‘ಒಂದು ಟ್ರ್ಯಾಕ್ಟರ್’ ಎಂದಷ್ಟೇ ಬರೆಸಬೇಡಿ, ನಂಬರು, ಚಾಸಿ ನಂಬರು, ಎಂಜಿನ್ ನಂಬರು ಸಮೇತ ಬರೆಸಿ.

ಗುಜರಿಗೇ ಕೊಡುವುದಾದರೂ ಆರ್‌ಸಿ ಜೊತೆಗೆ ಕಳಿಸಬೇಡಿ. ಮೋಟಾರು ವಾಹನ ಕಾಯ್ದೆಯ 55ನೇ ಕಲಮಿನಂತೆ ವಾಹನ ನಾಶವಾದರೆ 14 ದಿನದೊಳಗೆ ತಿಳಿಸಿ ಪುಸ್ತಕವನ್ನು ಕಚೇರಿಗೆ ಒಪ್ಪಿಸಬೇಕು. ಇಲ್ಲವಾದರೆ ಗಾಡಿ ಸತ್ತ ಮೇಲೂ ಅದರ ಹೆಸರಿನಲ್ಲಿ ಇನ್ನೊಂದು ಗಾಡಿ ಓಡಾಡುತ್ತದೆ.

ತೂಕದಕಲ್ಲು

ಕೊನೆಯ ಮಾತು ಅಪ್ಪಟ ಸತ್ಯ. ಪುಸ್ತಕಕ್ಕೇ ಬೇರೆ ಬೆಲೆ ಹೇಳುವವರು ಬಂದರೆ ಚಹಾ ಕುಡಿಸಿ ಕಳಿಸಿಬಿಡಿ.

ಕಬ್ಬಿನಗದ್ದೆ, ಮಂಡ್ಯ

ನಮ್ಮ ಮನೆಯ ಕಥೆ ಹೇಳುತ್ತೇನೆ, ಕಣದಮನೆಯವರು ಕೇಳಿಸಿಕೊಳ್ಳಲಿ. ನಮ್ಮ ತಂದೆಯದು ಎಚ್‌ಎಂಟಿಯ ಝೆಟರ್ 2511, ಎರಡು ಸಿಲಿಂಡರಿನದು. ನಿಂತಾಗ ಅದರಲ್ಲಿ ಒಂದೇ ಒಂದು ಸಾಮಾನೂ ಕಡಿಮೆ ಇರಲಿಲ್ಲ. ಮೊದಲ ವರ್ಷ ಸೋದರಮಾವ ಬಂದು ಡೀಸೆಲ್ ಪಂಪನ್ನು ‘ಒಂದು ವಾರಕ್ಕೆ’ ಒಯ್ದರು. ಮುಂದಿನ ವರ್ಷ ಪಕ್ಕದವರಿಗೆ ಸೆಲ್ಫ್ ಮೋಟಾರು ಬೇಕಾಯಿತು. ಊರ ಹಬ್ಬದ ತೇರಿನ ಕೆಲಸಕ್ಕೆಂದು ಮುಂದಿನ ಚಕ್ರ ಹೋಯಿತು. ಅದು ದೇವರ ಕೆಲಸ, ಬೇಡ ಎನ್ನುವುದು ಹೇಗೆ? ಯಾವುದೂ ಹಿಂದಕ್ಕೆ ಬರಲಿಲ್ಲ. ಬೆಂಗಳೂರಿನಿಂದ ಒಬ್ಬರು ಕೊಳ್ಳಲೆಂದೇ ಬಂದರು, ಟ್ರ್ಯಾಕ್ಟರಿನ ಸುತ್ತ ತಿರುಗಿ, ಬೆವರು ಒರೆಸಿಕೊಂಡು, ‘ಅಮ್ಮ, ಇದು ಟ್ರ್ಯಾಕ್ಟರಲ್ಲ, ಟ್ರ್ಯಾಕ್ಟರಿದ್ದ ಜಾಗ’ ಎಂದು ಹೇಳಿ ಹೊರಟುಹೋದರು.

ಎಚ್‌ಎಂಟಿ 1971ರಲ್ಲಿ ಚೆಕೊಸ್ಲೊವಾಕಿಯದ ಝೆಟರ್ ಜೊತೆ ಸೇರಿ ಪಿಂಜೋರಿನಲ್ಲಿ ಟ್ರ್ಯಾಕ್ಟರು ಮಾಡಲು ಶುರುಮಾಡಿದ್ದು. 2016ರಲ್ಲಿ ಆ ಘಟಕವನ್ನೇ ಮುಚ್ಚುವ ತೀರ್ಮಾನವಾಯಿತು. ಹೋದ ಪಂಪನ್ನು ಎಲ್ಲಿಂದ ತರಲಿ? ಕೊನೆಗೆ ತೂಕಕ್ಕೇ ಹೋಯಿತು.

ಪಾಲು ಮುಗಿಯುವವರೆಗೆ ಒಂದು ನಟ್ಟನ್ನೂ ಯಾರಿಗೂ ಕೊಡಬೇಡಿ.

ಕಣದಮನೆ

ಅಕ್ಕ, ನಿಮ್ಮ ಮಾತು ಓದಿದ ಕೂಡಲೇ ಹೋಗಿ ಪಂಪು ಇದೆಯೇ ಎಂದು ನೋಡಿ ಬಂದೆ. ಇದೆ.

ಈಗ ಹಳೆಸ್ಪ್ಯಾನರ್ ಮೇಸ್ತ್ರಿಗಳ ಪ್ರಶ್ನೆಗೆ ಉತ್ತರ. ನಾಜಲ್ ಮೂರು. ತಗಡಿನ ಪಟ್ಟಿಯ ಮೇಲೆ ಮದ್ರಾಸ್ ಎಂದೇ ಇದೆ. ಎಣ್ಣೆಯ ಬೋಲ್ಟು ಸಡಿಲಿಸಿದೆ. ಮೊದಲು ಒಂದು ಚಮಚದಷ್ಟು ನೀರು, ಆಮೇಲೆ ಕರಿ ಎಣ್ಣೆ. ಹಾಲಿನಂತೆ ಬೆಳ್ಳಗಾಗಿಲ್ಲ. ತೆಂಗಿನಕಾಯಿ ಒಡೆಯಲೋ ಬೇಡವೋ ತಿಳಿಯದೆ ಅರ್ಧ ಹೋಳು ಇಟ್ಟುಕೊಂಡಿದ್ದೇನೆ.

ಸೈಲೆನ್ಸರ್ ಮೇಲ್ಮುಖವಾಗಿದೆ, ಅದರ ಬಾಯಿಗೆ ತೆಂಗಿನ ಚಿಪ್ಪು ಮಗುಚಿದೆ. ಅಪ್ಪ ಇಟ್ಟದ್ದು ಎಂದು ನಾನು ನಂಬಿದ್ದೆ. ಹದಿನಾಲ್ಕು ವರ್ಷ ಒಂದು ಚಿಪ್ಪು ಗಾಳಿಗೆ ಬೀಳದೆ ಹೇಗೆ ನಿಂತಿತು ಎಂದು ಈಗ ಯೋಚನೆ ಬಂತು. ಕೇಳಿದರೆ ಅತ್ತಿಗೆ ನಗುತ್ತಾರೆ. ಬಿದ್ದಾಗಲೆಲ್ಲ ಅವರೇ ಇಡುತ್ತಿದ್ದರಂತೆ, ಕಸ ಗುಡಿಸಲು ಕಣಕ್ಕೆ ಹೋದಾಗ. ‘ಮಾವನವರು ಇಡುತ್ತಿದ್ದರು, ನಾನೂ ಇಟ್ಟೆ’ ಎಂದರು.

ಹಳೆಸ್ಪ್ಯಾನರ್

ನಿನ್ನ ಅತ್ತಿಗೆ ಇಪ್ಪತ್ತು ಸಾವಿರ ಉಳಿಸಿದ್ದಾರೆ, ಲೆಕ್ಕದಲ್ಲಿ ಬರೆದುಕೋ. ತೆರೆದ ಸೈಲೆನ್ಸರಿನಲ್ಲಿ ಇಳಿದ ಮಳೆನೀರು ಯಾವ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ತೆರೆದು ನಿಂತಿದೆಯೋ ಅದರೊಳಕ್ಕೇ ನೇರ ಹೋಗುತ್ತದೆ. ಪಿಸ್ಟನ್ ಅಲ್ಲೇ ತುಕ್ಕಿನಲ್ಲಿ ಬೆಸೆದುಕೊಳ್ಳುತ್ತದೆ.

ಮೂರು ನಾಜಲ್ ಎಂದರೆ ಒಳ್ಳೆಯ ಸುದ್ದಿ. ಶುರುವಿನ ಡೀಸೆಲ್ 35ಕ್ಕೆ ಸ್ಟ್ಯಾಂಡರ್ಡ್ ಕಂಪನಿಯ ನಾಲ್ಕು ಸಿಲಿಂಡರಿನ ಎಂಜಿನ್ ಇತ್ತು. ಬೆಳಗಿನ ಚಳಿಗೆ ಏಳದ ಸೋಮಾರಿ ಎಂದೇ ಅದಕ್ಕೆ ಹೆಸರು. 1959ರಲ್ಲಿ ಅದನ್ನು ಕೈಬಿಟ್ಟು ಪರ್ಕಿನ್ಸ್ ಮೂರು ಸಿಲಿಂಡರಿನದನ್ನು ಹಾಕಿದರು. ಎರಡೂವರೆ ಲೀಟರಿನ ಆ ಎಂಜಿನ್ನಿನ ವಂಶವೇ ನಮ್ಮ ಕಡೆ ‘ಸಿಂಪ್ಸನ್’ ಎಂದು ಮನೆಮಾತಾದದ್ದು. ಬೇರಿಂಗ್, ರಿಂಗು, ಗ್ಯಾಸ್ಕೆಟ್ ಎಲ್ಲ ಜಿಲ್ಲಾ ಕೇಂದ್ರದಲ್ಲೇ ಸಿಗುತ್ತವೆ. ಒಂದು ಸೂಕ್ಷ್ಮ ಗಮನಿಸು: ಹಳೆಯದರಲ್ಲಿ ಡೀಸೆಲ್ಲು ಹೆಡ್ಡಿನೊಳಗಿನ ಸಣ್ಣ ಕೋಣೆಯಲ್ಲಿ ಉರಿದು ಕೆಳಗೆ ಬರುತ್ತದೆ. ಆಮೇಲೆ ಬಂದ ಡಿಐ ಎಂಜಿನ್ನಿನಲ್ಲಿ ನೇರ ಪಿಸ್ಟನ್ ತಲೆಯ ಮೇಲೇ ಬೀಳುತ್ತದೆ. ಇದರ ಹೆಡ್ಡು, ಪಿಸ್ಟನ್ ಅದಕ್ಕೆ ಕೂರುವುದಿಲ್ಲ. ಅಂಗಡಿಯವನು ‘ಎಲ್ಲಾ ಮ್ಯಾಸಿ ಒಂದೇ’ ಎಂದರೆ ಹಳೆಯ ಪಿಸ್ಟನ್ನನ್ನು ಮುಂದಿಟ್ಟು ನೋಡಿಯೇ ಹಣ ಕೊಡು.

ಚಮಚದಷ್ಟು ನೀರಿಗೆ ಹೆದರಬೇಡ, ಹದಿನಾಲ್ಕು ಮಳೆಗಾಲದ ತೇವ ಅದು. ಈಗ ಮೂರು ನಾಜಲ್ಲನ್ನೂ ಬಿಚ್ಚಿ, ಪ್ರತಿ ತೂತಿಗೂ ಅರ್ಧ ಡೀಸೆಲ್ ಅರ್ಧ ಎಂಜಿನ್ ಆಯಿಲ್ ಬೆರೆಸಿ ಒಂದು ಲೋಟ ಬಿಡು. ತೂತಿಗೆ ಬಟ್ಟೆಯ ಬಿರಡೆ ಹಾಕು. ದಿನಾ ಸಂಜೆ ಮತ್ತೆ ಸ್ವಲ್ಪ ಬಿಡು. ಐದು ದಿನ ಕಾಯು, ಹತ್ತು ದಿನವಾದರೂ ಸರಿ. ಅಷ್ಟರಲ್ಲಿ ಡೀಸೆಲ್ ಪಂಪನ್ನು ಬಿಚ್ಚಿ ಪಕ್ಕಕ್ಕಿಡು. ಹಳೆಯ ಡೀಸೆಲ್ಲು ಅಂಟಾಗಿ ರೋಟರು ಹಿಡಿದಿರುತ್ತದೆ, ಎಂಜಿನ್ ತಿರುಗಿಸಿದರೆ ಪಂಪಿನ ಕಡ್ಡಿ ಮುರಿಯುತ್ತದೆ. ಆಮೇಲೆ ಮುಂದಿನ ಪುಲ್ಲಿಯ ಬೋಲ್ಟಿಗೆ ಉದ್ದನೆಯ ರಾಡು ಹಾಕಿ ಹಿಂದೆ ಮುಂದೆ ಮೆಲ್ಲಗೆ ಅಲುಗಿಸು. ಜೋರು ಮಾಡಬೇಡ. ರಾಡಿನ ತುದಿಗೆ ನಾಲ್ಕು ಜನ ಜೋತುಬಿದ್ದರೆ ಅದು ಪರೀಕ್ಷೆಯಲ್ಲ, ಜಾತ್ರೆ.

ಎಂಜಿನ್ ತಿರುಗಿದರೆ ಬೆಲೆ ಒಂದು, ತಿರುಗದಿದ್ದರೆ ಇನ್ನೊಂದು. ಅಣ್ಣನನ್ನೂ ಕರೆದು ಎದುರಿಗೆ ನಿಲ್ಲಿಸಿಕೊಂಡೇ ಮಾಡು. ಇಲ್ಲವಾದರೆ ನಾಳೆ ‘ನೀನೇ ಕೆಡಿಸಿದೆ’ ಎನ್ನುತ್ತಾನೆ, ಅಥವಾ ‘ಸರಿಯಿದ್ದದ್ದನ್ನು ಮುಚ್ಚಿಟ್ಟೆ’ ಎನ್ನುತ್ತಾನೆ.

ಬೋರಂಗಿ, ಗಂಗಾವತಿ

ಮೇಸ್ತ್ರಿಗಳೇ, ಅಂಕಿಯಲ್ಲೂ ಸ್ವಲ್ಪ ಹೇಳಿ. ನಮ್ಮಲ್ಲೂ ಒಂದು ಮಹೀಂದ್ರಾ ಇಂಟರ್‌ನ್ಯಾಷನಲ್ ಬಿ-275 ಹೀಗೆಯೇ ಕುಳಿತಿದೆ.

ಹಳೆಸ್ಪ್ಯಾನರ್

ಹೇಳುತ್ತೇನೆ. ಇದು ನಮ್ಮ ಕಡೆಯ ದರ, ನಿಮ್ಮೂರಿನಲ್ಲಿ ಹೆಚ್ಚುಕಡಿಮೆ ಇರುತ್ತದೆ. ನನ್ನ ಪದ್ಧತಿ ಹಿಂದಿನಿಂದ ಎಣಿಸುವುದು. ಇದೇ ಗಾಡಿ ಓಡುತ್ತಿದ್ದರೆ, ಕಾಗದ ಸರಿಯಿದ್ದರೆ, ಸಂತೆಯಲ್ಲಿ ಎಷ್ಟಕ್ಕೆ ಹೋಗುತ್ತದೆ? ಅಷ್ಟು ಹಳೆಯ ಮ್ಯಾಸಿಯನ್ನು ಕೆಲಸಕ್ಕೆಂದು ಕೊಳ್ಳುವವನು ಒಂದೂಕಾಲು, ಬಹಳವೆಂದರೆ ಒಂದೂವರೆ ಲಕ್ಷ ಕೊಟ್ಟಾನು. ಅದರಿಂದ ಅದನ್ನು ಓಡಿಸುವ ಖರ್ಚನ್ನು ಕಳೆ.

ಎಂಜಿನ್ ಜಾಮ್ ಆಗಿಲ್ಲವೆಂದುಕೊಂಡರೆ ಪಂಪು, ನಾಜಲ್ ಸರ್ವಿಸಿಗೆ 12,000. ರಿಂಗು, ಬೇರಿಂಗು, ಗ್ಯಾಸ್ಕೆಟ್ಟು, ವಾಲ್ವ್ ಕೆಲಸ, ಕೂಲಿ ಸೇರಿ 30,000. ಹದಿನಾಲ್ಕು ವರ್ಷ ನಿಂತ ಕ್ಲಚ್ ಪ್ಲೇಟು ಫ್ಲೈವೀಲಿಗೆ ಅಂಟಿಯೇ ಇರುತ್ತದೆ, ಅದನ್ನು ತೆಗೆಯಲು ಗಾಡಿಯನ್ನು ನಡುವೆ ಎರಡು ಮಾಡಬೇಕು, 10,000. ಬ್ಯಾಟರಿ, ಸೆಲ್ಫ್, ವೈರಿಂಗ್ 12,000. ವೈರನ್ನು ಇಲಿ ತಿಂದಿಲ್ಲವೆಂದರೆ ನಾನು ನಂಬುವುದಿಲ್ಲ. ಹಿಂದಿನ ಟೈರು 12.4-28, ಮುಂದಿನದು 6.00-16, ನಾಲ್ಕೂ ಹೊಸದಾದರೆ 40,000 ದಾಟುತ್ತದೆ. ಟೈರಿಗೆ ನೀರು ತುಂಬಿಸಿದ್ದರೆ ರಿಮ್ಮು ಒಳಗಿನಿಂದ ತುಕ್ಕು ತಿಂದಿರುತ್ತದೆ, ಅದು ಬೇರೆ. ಹೈಡ್ರಾಲಿಕ್ ಪಂಪು ಇದರಲ್ಲಿ ಹಿಂದಿನ ಹೊಟ್ಟೆಯೊಳಗೆ ಎಣ್ಣೆಯಲ್ಲೇ ಮುಳುಗಿರುತ್ತದೆ, ಎಣ್ಣೆ ಇದ್ದರೆ ಸಾಮಾನ್ಯವಾಗಿ ಬದುಕಿರುತ್ತದೆ. ಬಣ್ಣದ ಮಾತೇ ಎತ್ತಿಲ್ಲ.

ಕೂಡಿದರೆ ಒಂದು ಲಕ್ಷ ದಾಟಿತು. ಕಳೆದರೆ ಉಳಿಯುವುದು 20,000ದಿಂದ 45,000. ಅಂದರೆ ಕೆಲಸದ ಗಾಡಿಯೆಂದು ಲೆಕ್ಕ ಹಾಕಿದರೆ ಗುಜರಿಯ ಬೆಲೆಗೇ ಬಂದು ನಿಲ್ಲುತ್ತದೆ. ಜಾಮ್ ಆಗಿದ್ದು, ಲೈನರು ಪಿಸ್ಟನ್ನು ಎಲ್ಲ ಬದಲಿಸಿ ಕ್ರ್ಯಾಂಕನ್ನೂ ಲೇತಿಗೆ ಕೊಡಬೇಕಾದರೆ ಇನ್ನೊಂದು 40,000 ಸೇರಿಸು. ಆಗ ಲೆಕ್ಕ ಸೊನ್ನೆಯ ಹತ್ತಿರಕ್ಕೋ ಅದಕ್ಕಿಂತ ಕೆಳಕ್ಕೋ ಹೋಗುತ್ತದೆ, ಗುಜರಿಯವನೇ ದೇವರು.

ಇದರ ಮೇಲೆ ಎಷ್ಟು ಬಂದರೂ ಅದು ಕಾಫಿಗಿಡದವರಂಥ ಹುಚ್ಚರ ದುಡ್ಡು. ಬೋರಂಗಿಯವರೇ, ನಿಮ್ಮ ಬಿ-275ಕ್ಕೂ ಇದೇ ದಾರಿ, ಅಂಕಿ ಮಾತ್ರ ಬೇರೆ.

ಕಾಫಿಗಿಡ

ಒಪ್ಪಿದೆ, ಹುಚ್ಚು ಎಂಬ ಪದವನ್ನೂ. ಆ ಹುಚ್ಚಿಗೂ ಮಿತಿ ಇದೆ ಅಷ್ಟೇ. ನಾನು ಓಡದ ಗಾಡಿ ಕೊಳ್ಳಲು ಹೋದಾಗ ಮೊದಲು ನೋಡುವುದು ತಗಡು. ಎಂಜಿನ್ನಿಗೆ ಬಿಡಿಭಾಗ ಸಿಗುತ್ತದೆ, ಆ ಕಾಲದ ಬಾನೆಟ್ಟು, ಮಡ್‌ಗಾರ್ಡು, ಮೀಟರು, ಸೀಟು ಎಲ್ಲಿ ಸಿಗಬೇಕು? ಸೀಟು ತೆಗೆದು ಪ್ಲಾಸ್ಟಿಕ್ ಕುರ್ಚಿಯ ಮೇಲ್ಭಾಗ ಬೋಲ್ಟ್ ಮಾಡಿದ್ದನ್ನು ಎಷ್ಟು ಕಡೆ ಕಂಡಿದ್ದೇನೋ. ಎರಡನೆಯದು, ಮೊದಲ ಮಾಲೀಕರ ಮನೆಯಲ್ಲೇ ಇದೆಯೇ ಎಂಬುದು. ನಿಮ್ಮದರಲ್ಲಿ ಎಂವೈ ನಂಬರು, ಅಜ್ಜನ ಹೆಸರಿನ ಆರ್‌ಸಿ ಎರಡೂ ಇವೆ. ಅದಕ್ಕೆ ನಾನು ಹಣ ಕೊಡುತ್ತೇನೆ.

ನೀವು ಕಳಿಸಿದ ಫೋಟೊ ನೋಡಿದೆ. ಎಂಜಿನ್ ತಿರುಗಿದರೆ, ಹೆಸರು ಬದಲಾವಣೆ ನೀವೇ ಮಾಡಿಸಿಕೊಟ್ಟರೆ, ಹುಣಸೆಮರದ ಕೆಳಗಿನಿಂದ ಎತ್ತಿಕೊಂಡು ಹೋಗುವ ಖರ್ಚು ನನ್ನದೇ ಆಗಿ 65,000 ಕೊಡುತ್ತೇನೆ. ತಿರುಗದಿದ್ದರೆ 48,000. ಕಾಗದದ ಕೆಲಸ ನಿಮಗೆ ಬೇಡವೆಂದರೆ ಎರಡರಲ್ಲೂ 10,000 ಕಡಿಮೆ.

ಏಳುಸುತ್ತು

ನೋಡಿ, ಕಡಿಮೆ ಬೆಲೆಗೆ ಹೊಡೆಯಲು ನಿಂತಿದ್ದಾರೆ.

ಕಬ್ಬಿನಗದ್ದೆ

ಐದು ಲಕ್ಷ ಎಂದವರು ನೀವು. ನೀವೇ ಮೂರಕ್ಕೆ ಕೊಂಡುಬಿಡಿ, ಕೈಗೆ ಎರಡು ಲಕ್ಷ ಲಾಭ.

ಕಣದಮನೆ

ಒಂಬತ್ತು ದಿನಗಳ ನಂತರ ಬರೆಯುತ್ತಿದ್ದೇನೆ.

ಮೇಸ್ತ್ರಿಗಳು ಹೇಳಿದಂತೆ ಅಣ್ಣನನ್ನು ಕರೆದೆ. ಮೊದಲ ದಿನ ಕಟ್ಟೆಯ ಮೇಲೆ ಕುಳಿತು ಮೊಬೈಲು ನೋಡಿದ. ಎರಡನೆಯ ದಿನ ನಾಜಲ್ಲಿನ ನಟ್ಟು ನನ್ನ ಕೈಗೆ ಬರಲಿಲ್ಲ, ‘ಹಾಗಲ್ಲ, ಕೊಡು ಇಲ್ಲಿ’ ಎಂದು ಸ್ಪ್ಯಾನರ್ ಕಿತ್ತುಕೊಂಡ. ಅಪ್ಪನ ಜೊತೆ ಶೆಡ್ಡಿಗೆ ಹೋಗುತ್ತಿದ್ದವನು ಅವನೇ. ನಾನು ಹಾಸ್ಟೆಲಿನಲ್ಲಿದ್ದೆ. ದಿನಾ ಸಂಜೆ ಎಣ್ಣೆ ಬಿಡುವುದು ಅವನ ಕೆಲಸವಾಯಿತು. ಆರನೆಯ ದಿನ ರಾಡು ಹಾಕಿದರೆ ಒಂದು ಬೆರಳಿನಷ್ಟು ಅಲುಗಿತು. ಅಂದು ಅಲ್ಲಿಗೇ ನಿಲ್ಲಿಸಿದೆವು. ಎಂಟನೆಯ ದಿನ ಬೆಳಿಗ್ಗೆ ಪೂರ್ತಿ ಒಂದು ಸುತ್ತು ಬಂತು. ನಡುವಿನ ಸಿಲಿಂಡರಿನ ತೂತಿನಿಂದ ಕೆಂಪು ಎಣ್ಣೆ ಚಿಮ್ಮಿ ಅಣ್ಣನ ಅಂಗಿ ಹಾಳಾಯಿತು. ಬೈಯಲಿಲ್ಲ.

ಬೆಲೆಯ ಮಾತು ಅಂದು ರಾತ್ರಿ ಊಟದ ಹೊತ್ತಿಗೆ ಆಯಿತು. ಮೂರು ಗುಜರಿಯವರು ಹೇಳಿದ್ದು 38,000, 41,000, 43,500. ಕಾಫಿಗಿಡದವರದು 65,000. ಇವನ್ನೆಲ್ಲ ಕಾಗದದಲ್ಲಿ ಬರೆದು ಇಟ್ಟೆ. ಮೇಸ್ತ್ರಿಗಳ ಕಳೆಯುವ ಲೆಕ್ಕವನ್ನೂ ಓದಿ ಹೇಳಿದೆ. ಅಣ್ಣ ಟೈರಿನ ಬೆಲೆಯ ಹತ್ತಿರ ತಕರಾರು ತೆಗೆದ. ‘ಮುಂದಿನ ಟೈರು ಇನ್ನೂ ಒಂದು ವರ್ಷ ಬರುತ್ತದೆ, ಅದನ್ನೇಕೆ ಕಳೆಯುತ್ತೀ?’ ಎಂದ. ಸರಿ ಎಂದು ಅದನ್ನು ಬಿಟ್ಟೆ. ಕೊನೆಗೆ ಹೊರಗಿನವನು ಕೈಯಲ್ಲಿ ದುಡ್ಡು ಹಿಡಿದು ಹೇಳಿದ ಬೆಲೆಯೇ ಬೆಲೆ ಎಂದಾಯಿತು. 65,000, ಅವನ ಪಾಲು 32,500. ಒಂದೂವರೆ ಲಕ್ಷದ ಸುದ್ದಿ ಅವನು ತೆಗೆಯಲಿಲ್ಲ, ನಾನೂ ನೆನಪಿಸಲಿಲ್ಲ.

ಆದರೆ ಅತ್ತಿಗೆ ನಡುವೆ ಬಂದರು. ‘ಚಿಪ್ಪಿಗೆ ಇಪ್ಪತ್ತು ಸಾವಿರ ಎಂದು ಯಾರೋ ದೊಡ್ಡವರು ಬರೆದಿದ್ದಾರಂತಲ್ಲ, ಅದೆಲ್ಲಿ?’ ಎಂದರು. ನಾನೇ ಓದಿ ಹೇಳಿದ ತಪ್ಪು. ಮಾತು ಅಲ್ಲಿಗೆ ನಿಂತಿದೆ. ಬರುವ ವಾರ ಒಂದು ರೇಷ್ಮೆ ಸೀರೆಗೆ ಇಳಿಯಬಹುದು ಎಂಬ ಲಕ್ಷಣ ಕಾಣುತ್ತಿದೆ.

ಕಾಫಿಗಿಡದವರೇ, ನಿಮ್ಮ ಬೆಲೆಯನ್ನು ಉಪಯೋಗಿಸಿಕೊಂಡು ಗಾಡಿ ಕೊಡದೆ ಇರುವುದಕ್ಕೆ ಕ್ಷಮಿಸಿ.

ಕಾಫಿಗಿಡ

ಪರವಾಗಿಲ್ಲ. ಮನಸ್ಸು ಬದಲಾದರೆ ಮೊದಲು ನನಗೆ ಹೇಳಿ. ಬಣ್ಣ ಬಳಿಯಲು ಅವಸರ ಬೇಡ.

ಕಾಗದಪತ್ರ

32,500ಕ್ಕೆ ಅಣ್ಣನಿಂದ ರಸೀದಿ, ಜೊತೆಗೆ ಒಪ್ಪಿಗೆ ಪತ್ರ ಅದೇ ದಿನ ಬರೆಸಿಕೊಳ್ಳಿ. ಊಟದ ಹೊತ್ತಿನ ಮಾತು ಆರ್‌ಟಿಒ ಕಚೇರಿಯಲ್ಲಿ ನಡೆಯುವುದಿಲ್ಲ.

ಹಳೆಸ್ಪ್ಯಾನರ್

ಪಂಪನ್ನು ಇಲ್ಲಿಗೇ ಕಳಿಸು, ನೋಡಿಸಿಕೊಡುತ್ತೇನೆ. ನಾಜಲ್ ಬಿಚ್ಚಿದ ತೂತುಗಳಿಗೆ ಬಟ್ಟೆ ಹಾಕಿದ್ದೀಯಷ್ಟೆ? ಪಂಪು ಬಿಚ್ಚಿದ ಜಾಗ, ಡೀಸೆಲ್ ಪೈಪುಗಳ ಬಾಯಿ, ಅವನ್ನೂ ಇಂದೇ ಕಟ್ಟು. ಹುಣಸೆಮರದ ಕೆಳಗಿದೆ ಎಂದಿದ್ದೀಯ, ಕಣಜದ ಹುಳು ಒಂದೇ ರಾತ್ರಿಯಲ್ಲಿ ಮಣ್ಣಿನ ಗೂಡು ಕಟ್ಟಿಬಿಡುತ್ತದೆ. ಚಿಪ್ಪನ್ನು ಇನ್ನೂ ತೆಗೆಯಬೇಡ.